ಯುರೋಪಿನ ಕಾರು ಪ್ರವಾಸದ ಕೊನೆಯ ದಿನಗಳು: ದಂಪತಿಗಳಿಗೊಂದು ಕೈಪಿಡಿ

ಬೆಂಗಳೂರಿನಿಂದ ಹೊರಡುವ ದಂಪತಿಗಳು ಯುರೋಪಿನ ಕಾರು ಪ್ರವಾಸದ ಮೊದಲ ವಾರವನ್ನು ಗಂಟೆಗಂಟೆಗೂ ಲೆಕ್ಕ ಹಾಕಿ ಸಿದ್ಧಪಡಿಸುತ್ತಾರೆ. ಕೊನೆಯ ಮೂರು ದಿನಗಳನ್ನು ಮಾತ್ರ ‘ಅಲ್ಲಿಗೆ ಹೋದ ಮೇಲೆ ನೋಡಿಕೊಂಡರಾಯಿತು’ ಎಂದು ಬಿಟ್ಟುಬಿಡುತ್ತಾರೆ. ನಾನೂ ನನ್ನ ಪತಿಯೂ ಮೊದಲ ಸಲ ಹೋದಾಗ ಹಾಗೆಯೇ ಮಾಡಿದ್ದೆವು. ಫ್ರಾಂಕ್‌ಫರ್ಟ್‌ನಲ್ಲಿ ಕಾರು ಪಡೆದು, ಮ್ಯೂನಿಕ್, ಇನ್ಸ್‌ಬ್ರುಕ್, ವೆರೋನಾ, ಮಿಲಾನ್, ಲುಸರ್ನ್ ಸುತ್ತಿ ಮತ್ತೆ ಫ್ರಾಂಕ್‌ಫರ್ಟ್‌ಗೆ ಬಂದ ಆ ಪ್ರವಾಸದಲ್ಲಿ ನಮಗೆ ಹಣ ಹೆಚ್ಚು ಖರ್ಚಾದದ್ದು, ನಮ್ಮಿಬ್ಬರ ನಡುವೆ ಮಾತು ಬಿಗಿಯಾದದ್ದು, ಎರಡೂ ಕೊನೆಯ ನಲವತ್ತೆಂಟು ಗಂಟೆಗಳಲ್ಲಿ. ಎರಡನೆಯ ಸಲ ಅದೇ ಸುತ್ತನ್ನು ಬೇರೆ ಬಗೆಯಲ್ಲಿ ಮುಗಿಸಿದೆವು. ಆ ಅನುಭವದ ಆಧಾರದ ಮೇಲೆ, ಇಂಥ ಪ್ರವಾಸದ ಕೊನೆಯನ್ನು ಹೇಗೆ ಯೋಜಿಸಬೇಕೆಂಬುದನ್ನು ಇಲ್ಲಿ ಬರೆದಿದ್ದೇನೆ.

ಎಲ್ಲಕ್ಕಿಂತ ಮೊದಲು ಹೇಳಬೇಕಾದದ್ದು ಇಷ್ಟು: ವಿಮಾನ ಹತ್ತುವ ದಿನ ಕಾರು ನಿಮ್ಮ ಕೈಯಲ್ಲಿ ಇರಬಾರದು. ಹಿಂದಿನ ದಿನ ಸಂಜೆ, ಬೆಳಕಿರುವಾಗಲೇ, ಅದನ್ನು ವಿಮಾನ ನಿಲ್ದಾಣದ ಬಾಡಿಗೆ ಕಚೇರಿಗೆ ಒಪ್ಪಿಸಿಬಿಡಿ. ಬಾಡಿಗೆಯನ್ನು ಸಾಮಾನ್ಯವಾಗಿ ಇಪ್ಪತ್ತನಾಲ್ಕು ಗಂಟೆಗಳ ಲೆಕ್ಕದಲ್ಲಿ ವಿಧಿಸುವುದರಿಂದ ಒಂದು ದಿನದ ಬಾಡಿಗೆ ಉಳಿಯುತ್ತದೆ. ಹೋಟೆಲಿನ ಪಾರ್ಕಿಂಗ್ ಹಣವೂ ಉಳಿಯುತ್ತದೆ. ಹೆಚ್ಚಿನ ಲಾಭವೆಂದರೆ ಹೊರಡುವ ದಿನದ ಬೆಳಗ್ಗೆ ದಾರಿ ತಪ್ಪುವ, ಟ್ರಾಫಿಕ್‌ನಲ್ಲಿ ಸಿಲುಕುವ, ಪೆಟ್ರೋಲ್ ಬಂಕ್ ಹುಡುಕುವ ಆತಂಕಗಳು ಯಾವುವೂ ಉಳಿಯುವುದಿಲ್ಲ. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದ ಕೆಳಗೇ ರೈಲು ನಿಲ್ದಾಣವಿದೆ. ಅಲ್ಲಿಂದ ಎಸ್8 ಎಂಬ ಸ್ಥಳೀಯ ರೈಲಿನಲ್ಲಿ ಒಂದು ಕಡೆಗೆ ಫ್ರಾಂಕ್‌ಫರ್ಟ್ ನಗರಕ್ಕೂ ಇನ್ನೊಂದು ಕಡೆಗೆ ರೈನ್ ನದಿಯ ದಡದ ಮೈನ್ಸ್ ಊರಿಗೂ ಹೋಗಬಹುದು. ನಾವು ಎರಡನೆಯ ಸಲ ಕೊನೆಯ ರಾತ್ರಿಯನ್ನು ಮೈನ್ಸ್‌ನಲ್ಲಿ ಕಳೆದೆವು. ಗುಟೆನ್‌ಬರ್ಗ್ ಅಚ್ಚಿನ ಮೊಳೆಗಳಿಂದ ಪುಸ್ತಕ ಮುದ್ರಿಸಿದ ಊರು ಅದು. ಅಲ್ಲಿನ ಸಂತ ಸ್ಟೀಫನ್ ಚರ್ಚಿನಲ್ಲಿ ಚಿತ್ರಕಾರ ಮಾರ್ಕ್ ಶಗಾಲ್ ರೂಪಿಸಿದ ನೀಲಿ ಗಾಜಿನ ಕಿಟಕಿಗಳಿವೆ. ಹದಿನೈದು ದಿನ ರಸ್ತೆಯನ್ನೇ ನೋಡಿ ದಣಿದ ಕಣ್ಣುಗಳಿಗೆ ಆ ನೀಲಿ ಬೆಳಕು ಎಷ್ಟು ತಂಪಾಗಿತ್ತೆಂದರೆ, ನಾವಿಬ್ಬರೂ ಅಲ್ಲಿನ ಬೆಂಚಿನ ಮೇಲೆ ಒಂದು ಗಂಟೆ ಮಾತಿಲ್ಲದೆ ಕುಳಿತಿದ್ದೆವು.

ಯೋಜನೆಯನ್ನು ವಿಮಾನದ ಹೊತ್ತಿನಿಂದ ಹಿಂದಕ್ಕೆ ಎಣಿಸುತ್ತಾ ಬರಬೇಕು. ವಿಮಾನ ಮಧ್ಯಾಹ್ನ 1 ಗಂಟೆಗೆ ಎಂದುಕೊಳ್ಳೋಣ. ತೆರಿಗೆ ಮರುಪಾವತಿಯ ಮುದ್ರೆ (ಇದನ್ನು ಮುಂದೆ ವಿವರಿಸಿದ್ದೇನೆ) ಹಾಕಿಸುವುದಿದ್ದರೆ 9 ಗಂಟೆಗೆ ನಿಲ್ದಾಣದಲ್ಲಿರಬೇಕು; ಹಾಗಾದರೆ ಮೈನ್ಸ್‌ನಿಂದ 8 ಗಂಟೆಯ ಸುಮಾರಿಗೆ ರೈಲು ಹತ್ತಬೇಕು. ಹಿಂದಿನ ದಿನ ಸಂಜೆ 4 ಗಂಟೆಗೆ ಕಾರು ಒಪ್ಪಿಸಬೇಕಾದರೆ 3 ಗಂಟೆಗೆ ಕೊನೆಯ ಬಾರಿ ಪೆಟ್ರೋಲ್ ತುಂಬಿಸಿರಬೇಕು, ಅಂದಮೇಲೆ ಆ ದಿನ 250 ಕಿಲೋಮೀಟರಿಗಿಂತ ಹೆಚ್ಚು ದೂರ ಇಟ್ಟುಕೊಳ್ಳುವಂತಿಲ್ಲ. ಅದರ ಹಿಂದಿನ ಎರಡು ದಿನಗಳಿಗೂ ನಾನು ಸೂಚಿಸುವುದು ದಿನಕ್ಕೆ 150ರಿಂದ 200 ಕಿಲೋಮೀಟರ್ ಮಾತ್ರ. ಪ್ರವಾಸದ ನಡುವೆ 400 ಕಿಲೋಮೀಟರ್ ಓಡಿಸಿದವರಿಗೆ ಇದು ಕಡಿಮೆಯೆನಿಸಬಹುದು, ಆದರೆ ಮೈ ಆಗಲೇ ದಣಿದಿರುತ್ತದೆ ಎಂಬುದನ್ನು ಮರೆಯಬಾರದು.

ಈ ಲೆಕ್ಕಕ್ಕೆ ಸರಿಹೊಂದುವ ಒಂದು ದಾರಿಯನ್ನು ಕನ್ನಡಿಗರಿಗೆ ವಿಶೇಷವಾಗಿ ಹೇಳಬೇಕೆನಿಸುತ್ತದೆ. ಲುಸರ್ನ್‌ನಿಂದ ಬೆಳಗ್ಗೆ ಹೊರಟರೆ ಸುಮಾರು 100 ಕಿಲೋಮೀಟರ್ ದೂರದಲ್ಲಿ ಬಾಸೆಲ್ ಸಿಗುತ್ತದೆ. ಮಂಗಳೂರಿಗೆ ಹೆಂಚಿನ ಕಾರ್ಖಾನೆಯನ್ನೂ ಅಚ್ಚುಕೂಟವನ್ನೂ ತಂದ ಬಾಸೆಲ್ ಮಿಷನ್ 1815ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು ಹೊರತಂದ ಹರ್ಮನ್ ಮೊಗ್ಲಿಂಗ್ ಆ ಮಿಷನ್ನಿನವರು. ಬಾಸೆಲ್ ದಾಟಿ ಇನ್ನೂ 70 ಕಿಲೋಮೀಟರ್ ಹೋದರೆ ಜರ್ಮನಿಯ ಫ್ರೈಬುರ್ಗ್. ಅಲ್ಲಿ ಒಂದು ರಾತ್ರಿ ತಂಗಬಹುದು. ಮರುದಿನ ಕಪ್ಪು ಅರಣ್ಯದ ಟಿಟಿಸೇ ಸರೋವರದ ಮಾರ್ಗವಾಗಿ ಸುಮಾರು 150 ಕಿಲೋಮೀಟರ್ ದೂರದ ಟ್ಯೂಬಿಂಗನ್ ತಲುಪಿ. ನೆಕರ್ ನದಿಯ ದಡದ ಈ ಪುಟ್ಟ ಊರಿನ ವಿಶ್ವವಿದ್ಯಾಲಯ 1477ರಷ್ಟು ಹಳೆಯದು. ಫರ್ಡಿನೆಂಡ್ ಕಿಟ್ಟೆಲ್ ತಮ್ಮ ಕೊನೆಯ ವರ್ಷಗಳನ್ನು ಕಳೆದು 1903ರಲ್ಲಿ ತೀರಿಕೊಂಡದ್ದು ಇಲ್ಲಿಯೇ. 1894ರಲ್ಲಿ ಅಚ್ಚಾದ ಅವರ ಕನ್ನಡ ನಿಘಂಟನ್ನು ಇಂದಿಗೂ ತೆರೆದು ನೋಡುವ ನಮಗೆ, ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಪ್ರತಿಮೆಯಾಗಿ ನಿಂತಿರುವ ಆ ಹಿರಿಯರು ಓಡಾಡಿದ ಕಲ್ಲುಹಾಸಿನ ಓಣಿಗಳಲ್ಲಿ ಒಂದು ಸಂಜೆ ನಡೆದಾಡುವುದು, ಇನ್ನೊಂದು ಅರಮನೆಯನ್ನೋ ಕೋಟೆಯನ್ನೋ ನೋಡುವುದಕ್ಕಿಂತ ಹೆಚ್ಚಿನದು. ಟ್ಯೂಬಿಂಗನ್‌ನಿಂದ ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣಕ್ಕೆ ಸುಮಾರು 220 ಕಿಲೋಮೀಟರ್. ಸ್ಟುಟ್‌ಗಾರ್ಟ್ ಸುತ್ತಲಿನ ಹೆದ್ದಾರಿಯಲ್ಲಿ, ಅದರಲ್ಲೂ ಶುಕ್ರವಾರ ಮಧ್ಯಾಹ್ನದ ಮೇಲೆ, ವಾಹನಗಳು ಗಂಟೆಗಟ್ಟಲೆ ನಿಲ್ಲುವುದುಂಟು; ಆದ್ದರಿಂದ ಬೆಳಗಿನ ತಿಂಡಿ ಮುಗಿಸಿದೊಡನೆ ಹೊರಡಬೇಕು.

ಆ ದಟ್ಟಣೆಯಲ್ಲಿ ಪಾಲಿಸಬೇಕಾದ ಒಂದು ನಿಯಮ ನಮ್ಮಲ್ಲಿ ಇಲ್ಲದ್ದು. ಜರ್ಮನಿ ಮತ್ತು ಆಸ್ಟ್ರಿಯಾದ ಹೆದ್ದಾರಿಗಳಲ್ಲಿ ವಾಹನಗಳ ವೇಗ ತಗ್ಗಿ ಸಾಲು ನಿಲ್ಲತೊಡಗಿದೊಡನೆ, ಎಲ್ಲಕ್ಕಿಂತ ಎಡಗಡೆಯ ಸಾಲಿನವರು ಇನ್ನೂ ಎಡಕ್ಕೆ, ಉಳಿದವರೆಲ್ಲ ಬಲಕ್ಕೆ ಸರಿದು, ನಡುವೆ ಆಂಬುಲೆನ್ಸ್ ಹೋಗುವಷ್ಟು ದಾರಿ ಬಿಡಬೇಕು. ಆಂಬುಲೆನ್ಸ್ ಬಂದ ಮೇಲೆ ಸರಿದರಾಯಿತು ಎಂದು ಕಾಯುವಂತಿಲ್ಲ, ಬಿಡದಿದ್ದವರಿಗೆ ದಂಡವಿದೆ.

ಕೊನೆಯ ದಿನಗಳ ನಿಜವಾದ ಅಪಾಯ ಬೇರೆಡೆಯಿದೆ. ಮೊದಲ ದಿನ ರಸ್ತೆಯ ಬಲಬದಿಯಲ್ಲಿ ಓಡಿಸುವಾಗ ಇಬ್ಬರ ಮೈಯೆಲ್ಲ ಕಣ್ಣಾಗಿರುತ್ತದೆ. ಎರಡು ವಾರ ಕಳೆದ ಮೇಲೆ ಅದು ರೂಢಿಯಾಯಿತೆಂಬ ಧೈರ್ಯ ಬರುತ್ತದೆ, ಜೊತೆಗೆ ದಣಿವೂ ಸೇರುತ್ತದೆ. ಆಗ ಬೆಂಗಳೂರಿನ ಹಳೆಯ ಅಭ್ಯಾಸ ತಾನಾಗಿ ಮರಳುತ್ತದೆ. ಅದು ಮರಳುವುದು ವಾಹನಗಳು ತುಂಬಿದ ರಸ್ತೆಯಲ್ಲಲ್ಲ; ಎದುರು ಯಾರೂ ಇಲ್ಲದ ಮುಂಜಾವಿನ ಹಳ್ಳಿದಾರಿಯಲ್ಲಿ, ಪೆಟ್ರೋಲ್ ಬಂಕಿನಿಂದ ಹೊರಬರುವ ತಿರುವಿನಲ್ಲಿ, ಅಂಗಡಿಯ ಪಾರ್ಕಿಂಗ್‌ನಿಂದ ರಸ್ತೆಗೆ ಇಳಿಯುವಲ್ಲಿ. ನನ್ನ ಪತಿ ಫ್ರೈಬುರ್ಗ್‌ನ ಹೊರವಲಯದ ಒಂದು ಬಂಕಿನಿಂದ ಹೊರಟು ನೇರವಾಗಿ ಎಡಬದಿಗೆ ತಿರುಗಿದಾಗ, “ರೀ, ಬಲಕ್ಕೆ! ಬಲಕ್ಕೆ ಬನ್ನಿ!” ಎಂದು ನಾನು ಕೂಗದೆ ಹೋಗಿದ್ದರೆ ಏನಾಗುತ್ತಿತ್ತೆಂದು ನೆನೆಯಲೂ ಇಷ್ಟವಿಲ್ಲ. ಅಂದಿನಿಂದ ನಾವು ಒಂದು ಪದ್ಧತಿ ಮಾಡಿಕೊಂಡೆವು: ಪ್ರತಿ ಬಾರಿ ಕಾರು ಹೊರಡುವ ಮುನ್ನ ಪಕ್ಕದಲ್ಲಿ ಕುಳಿತವರು ‘ಬಲಬದಿ’ ಎಂದು ಗಟ್ಟಿಯಾಗಿ ಹೇಳಬೇಕು, ಸ್ಟೀರಿಂಗ್ ಹಿಡಿದವರು ಅದನ್ನು ಮರುನುಡಿಯಬೇಕು. ಹೇಳಿದವರ ಮೇಲೆ ಬೇಸರಿಸಿಕೊಳ್ಳಬಾರದು.

ಇದೇ ಕಾರಣಕ್ಕೆ ಇಬ್ಬರೂ ಓಡಿಸುವಂತಿರಬೇಕು. ಎರಡನೆಯ ಚಾಲಕರ ಹೆಸರು ಸೇರಿಸಲು ಬಾಡಿಗೆ ಕಚೇರಿಯವರು ದಿನಕ್ಕಿಷ್ಟೆಂದು ಕೇಳುವ ಹಣವನ್ನು ಉಳಿಸುವುದು ಸರಿಯಾದ ಉಳಿತಾಯವಲ್ಲ. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಇಬ್ಬರೂ ಪಡೆದು, ಮೂಲ ಲೈಸೆನ್ಸ್ ಜೊತೆಗಿಟ್ಟುಕೊಂಡು, ಕೊನೆಯ ಮೂರು ದಿನ ಒಂದೂವರೆ ಗಂಟೆಗೊಮ್ಮೆ ಸೀಟು ಬದಲಾಯಿಸಿ. ಒಪ್ಪಂದದಲ್ಲಿ ಹೆಸರಿಲ್ಲದವರು ಒಂದು ಕಿಲೋಮೀಟರನ್ನೂ ಓಡಿಸಬಾರದು; ಅಪಘಾತವಾದರೆ ವಿಮೆ ಸಿಗುವುದಿಲ್ಲ.

ವಾರದ ಯಾವ ದಿನ ಎಲ್ಲಿರುತ್ತೀರಿ ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು, ಸೂಪರ್ ಮಾರ್ಕೆಟ್‌ಗಳು ಮುಚ್ಚಿರುತ್ತವೆ. ದೊಡ್ಡ ರೈಲು ನಿಲ್ದಾಣ, ವಿಮಾನ ನಿಲ್ದಾಣ, ಪೆಟ್ರೋಲ್ ಬಂಕುಗಳ ಅಂಗಡಿಗಳು ಮುಖ್ಯವಾಗಿ ತೆರೆದಿರುತ್ತವೆ. ಸೋಮವಾರದ ವಿಮಾನವಿದ್ದರೆ ಊರಿನವರಿಗೆ ಒಯ್ಯಬೇಕಾದ ಚಾಕೊಲೇಟು, ಉಡುಗೊರೆಗಳನ್ನೆಲ್ಲ ಶನಿವಾರ ಸಂಜೆಯೊಳಗೆ ಕೊಂಡಿರಬೇಕು. ಇದಕ್ಕೆ ಪ್ರತಿಯಾಗಿ ಭಾನುವಾರದಲ್ಲಿ ಒಂದು ಅನುಕೂಲವೂ ಇದೆ: ಅಂದು ರಾತ್ರಿ 10 ಗಂಟೆಯವರೆಗೆ 7.5 ಟನ್ನಿಗಿಂತ ಹೆಚ್ಚಿನ ತೂಕದ ಲಾರಿಗಳು ಜರ್ಮನಿಯ ರಸ್ತೆಗೆ ಇಳಿಯುವಂತಿಲ್ಲವಾದ್ದರಿಂದ ಹೆದ್ದಾರಿ ಹಗುರವಾಗಿರುತ್ತದೆ. ಕಾರು ಹಿಂದಿರುಗಿಸುವ ದಿನ ಭಾನುವಾರವಾಗುವಂತೆ ಹೊಂದಿಸಲು ಸಾಧ್ಯವಾದರೆ ಬಹಳ ಒಳ್ಳೆಯದು.

ಇನ್ನು ಪೆಟ್ರೋಲ್. ಬಹುತೇಕ ಒಪ್ಪಂದಗಳಲ್ಲಿ ಟ್ಯಾಂಕ್ ತುಂಬಿಸಿಕೊಟ್ಟ ಕಾರನ್ನು ತುಂಬಿಸಿಯೇ ಹಿಂದಿರುಗಿಸಬೇಕು. ಹೆದ್ದಾರಿಯ ಮೇಲೆಯೇ ಇರುವ ಬಂಕುಗಳಲ್ಲಿ ದರ ಹೆಚ್ಚು. ಹೆದ್ದಾರಿಯಿಂದ ಇಳಿದು ಊರೊಳಗಿನ ಬಂಕಿಗೆ ಹೋದರೆ ಲೀಟರಿಗೆ ಎದ್ದುಕಾಣುವಷ್ಟು ಉಳಿಯುತ್ತದೆ. ಹಿಂದಿರುಗಿಸುವ ಜಾಗಕ್ಕೆ ಹತ್ತು–ಹದಿನೈದು ಕಿಲೋಮೀಟರಿನೊಳಗಿನ ಒಂದು ಬಂಕನ್ನು ಹಿಂದಿನ ರಾತ್ರಿಯೇ ನಕ್ಷೆಯಲ್ಲಿ ಗುರುತಿಸಿಟ್ಟುಕೊಳ್ಳಿ, ಅಲ್ಲಿನ ರಸೀದಿಯನ್ನು ಜೋಪಾನ ಮಾಡಿ. ನಮ್ಮ ಬಂಕುಗಳಲ್ಲಿ ಹುಡುಗ ಬಂದು ‘ಝೀರೋ ನೋಡಿ ಸಾರ್’ ಎನ್ನುವಂತೆ ಅಲ್ಲಿ ಯಾರೂ ಬರುವುದಿಲ್ಲ. ನೀವೇ ತುಂಬಿಸಿ, ಪಂಪಿನ ಸಂಖ್ಯೆಯನ್ನು ನೆನಪಿಟ್ಟುಕೊಂಡು, ಒಳಗೆ ಹೋಗಿ ಹಣ ಕೊಡಬೇಕು. ಪೈಪಿನ ಬಣ್ಣವನ್ನು ನಂಬಬೇಡಿ, ಏಕೆಂದರೆ ಅದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. 2018ರಿಂದ ಯುರೋಪಿನ ಒಕ್ಕೂಟದಲ್ಲೆಲ್ಲ ಒಂದೇ ಗುರುತು ಇದೆ: ವೃತ್ತದೊಳಗೆ ಇ5 ಅಥವಾ ಇ10 ಎಂದಿದ್ದರೆ ಪೆಟ್ರೋಲ್, ಚೌಕದೊಳಗೆ ಬಿ7 ಎಂದಿದ್ದರೆ ಡೀಸೆಲ್. ಹೊಸ ಕಾರುಗಳಲ್ಲಿ ಟ್ಯಾಂಕಿನ ಮುಚ್ಚಳದ ಬಳಿಯೂ ಅದೇ ಗುರುತಿರುತ್ತದೆ. ಎರಡನ್ನೂ ಹೋಲಿಸಿ ನೋಡಿದ ಮೇಲೆಯೇ ಪೈಪು ಎತ್ತಿಕೊಳ್ಳಿ.

ಕಾರು ಒಪ್ಪಿಸುವ ಹೊತ್ತು ಅವಸರಪಡಬಾರದು. ಮೊದಲ ಪ್ರವಾಸದಲ್ಲಿ ನಾವು ವಿಮಾನದ ದಿನವೇ ನಸುಕಿನಲ್ಲಿ, ಕಚೇರಿ ತೆರೆಯುವ ಮುನ್ನ, ನೆಲಮಾಳಿಗೆಯ ಮಂದ ಬೆಳಕಿನಲ್ಲಿ ಕಾರು ನಿಲ್ಲಿಸಿ, ಕೀಲಿಯನ್ನು ಕಚೇರಿಯ ಕೀಲಿ ಪೆಟ್ಟಿಗೆಗೆ ಹಾಕಿ ಓಡಿದ್ದೆವು. ಮೂರು ವಾರಗಳ ನಂತರ ಚಕ್ರದ ರಿಮ್ಮಿನ ಮೇಲೆ ಗೀರು ಇದೆಯೆಂದು ಪತ್ರ ಬಂದಿತು, ಕಾರ್ಡಿನಿಂದ ಹಣವೂ ಹೋಯಿತು. ಆ ಗೀರು ನಮ್ಮಿಂದ ಆದದ್ದೋ ಮೊದಲೇ ಇದ್ದದ್ದೋ ಇಂದಿಗೂ ಗೊತ್ತಿಲ್ಲ, ಏಕೆಂದರೆ ಕಾರು ಪಡೆಯುವಾಗಲೂ ಕೊಡುವಾಗಲೂ ಚಕ್ರಗಳ ಚಿತ್ರ ತೆಗೆದಿರಲಿಲ್ಲ. ಕೀಲಿಯನ್ನು ಪೆಟ್ಟಿಗೆಗೆ ಹಾಕಿದರೂ ಕಚೇರಿಯವರು ಬಂದು ಪರಿಶೀಲಿಸುವವರೆಗೆ ಹೊಣೆ ನಮ್ಮದೇ ಎಂದು ಒಪ್ಪಂದಗಳಲ್ಲಿ ಬರೆದಿರುತ್ತದೆ. ಆದ್ದರಿಂದ ಕಚೇರಿ ತೆರೆದಿರುವ ವೇಳೆಗೇ ಹೋಗಿ. ಒಳಗೆ ನಿಲ್ಲಿಸುವ ಮುನ್ನ ಹಗಲು ಬೆಳಕಿನಲ್ಲಿ ನಾಲ್ಕೂ ಬದಿ, ನಾಲ್ಕೂ ಚಕ್ರ, ಮುಂದಿನ ಗಾಜು, ಸೀಟುಗಳು, ಪೆಟ್ರೋಲ್ ಮುಳ್ಳು, ಓಡಿದ ಕಿಲೋಮೀಟರ್, ಇಷ್ಟನ್ನೂ ಒಂದೇ ವಿಡಿಯೊದಲ್ಲಿ ದಾಖಲಿಸಿ. ಸಿಬ್ಬಂದಿಯ ಮುಂದೆಯೇ ಕಾರನ್ನು ತೋರಿಸಿ, ಹಾನಿಯಿಲ್ಲವೆಂದು ಬರೆದ ರಸೀದಿಯನ್ನು ಕೇಳಿ ಪಡೆಯಿರಿ. ಒಬ್ಬರು ಈ ಕೆಲಸ ಮಾಡುವಾಗ ಇನ್ನೊಬ್ಬರು ಡಿಕ್ಕಿ, ಸ್ಟೆಪ್ನಿ ಇಡುವ ಗುಂಡಿ, ಡ್ಯಾಶ್‌ಬೋರ್ಡಿನ ಖಾನೆ, ಸೀಟಿನ ಕೆಳಭಾಗ ಎಲ್ಲವನ್ನೂ ಕೈಯಾಡಿಸಿ ನೋಡಬೇಕು. ಕಾರಿನ ಪರದೆಗೆ ಜೋಡಿಸಿದ್ದ ಫೋನಿನ ಹೆಸರು, ಅದರೊಳಗೆ ಸೇರಿಕೊಂಡ ಸಂಪರ್ಕ ಸಂಖ್ಯೆಗಳು, ನೀವು ತಂಗಿದ ವಿಳಾಸಗಳು ಇವನ್ನು ಅಳಿಸುವುದನ್ನು ಬಹಳ ಮಂದಿ ಮರೆಯುತ್ತಾರೆ.

ಸಾಮಾನು ಕಟ್ಟುವ ಕೆಲಸವನ್ನು ಟ್ಯೂಬಿಂಗನ್‌ನಲ್ಲೇ ಮುಗಿಸಿಕೊಳ್ಳಿ. ಕಾರಿನ ಪ್ರವಾಸದಲ್ಲಿ ಸಾಮಾನು ಡಿಕ್ಕಿಯ ತುಂಬ ಹರಡಿಕೊಂಡು ಬೆಳೆಯುತ್ತಾ ಹೋಗುವುದರಿಂದ, ಹೊರಟಾಗ ಎರಡು ಪೆಟ್ಟಿಗೆಯಿದ್ದದ್ದು ಮರಳುವಾಗ ಎರಡು ಪೆಟ್ಟಿಗೆ ಹಾಗೂ ಆರು ಕೈಚೀಲವಾಗಿರುತ್ತದೆ. ತೂಗುಹಾಕಿ ತೂಕ ನೋಡುವ ಸಣ್ಣ ತಕ್ಕಡಿಯನ್ನು ಬೆಂಗಳೂರಿನಿಂದಲೇ ಒಯ್ಯುವುದು ಲೇಸು. ಜಾಮ್, ಜೇನುತುಪ್ಪ, ಸಾಸಿವೆ ಸಾಸ್‌ಗಳನ್ನೂ ಭದ್ರತಾ ತಪಾಸಣೆಯಲ್ಲಿ ದ್ರವವೆಂದೇ ಎಣಿಸುವುದರಿಂದ ಅವು ದೊಡ್ಡ ಪೆಟ್ಟಿಗೆಗೆ ಹೋಗಲಿ. ಪವರ್ ಬ್ಯಾಂಕ್, ಬಿಡಿ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು. ಹೂವಿನ ಗೆಡ್ಡೆ, ಬೀಜದ ಪೊಟ್ಟಣಗಳನ್ನು ಕೊಳ್ಳಬೇಡಿ, ಏಕೆಂದರೆ ಸಸ್ಯರೋಗ ತಡೆಯ ನಿಯಮದಂತೆ ಪರವಾನಗಿ ಮತ್ತು ಪ್ರಮಾಣಪತ್ರವಿಲ್ಲದೆ ಅವನ್ನು ಭಾರತಕ್ಕೆ ತರುವಂತಿಲ್ಲ. ಒಯ್ದ ಅವಲಕ್ಕಿ, ಚಟ್ನಿಪುಡಿ, ಉಪ್ಪಿಟ್ಟಿನ ಪೊಟ್ಟಣಗಳು ಉಳಿದಿದ್ದರೆ ಕೊನೆಯ ಎರಡು ದಿನಗಳ ತಿಂಡಿಗೆ ಬಳಸಿ ಮುಗಿಸಿ. ಮೊಸರನ್ನ, ಚಟ್ನಿಪುಡಿಗೆ ಹಂಬಲಿಸುವ ಹೊತ್ತಿಗೆ ಅವು ನೆರವಾಗುತ್ತವೆ. ಕಾರಿನಲ್ಲಿ ಸೇರಿಕೊಂಡ ನೀರಿನ ಖಾಲಿ ಬಾಟಲಿ, ಡಬ್ಬಿಗಳನ್ನು ಎಸೆಯಬೇಡಿ: ಜರ್ಮನಿಯಲ್ಲಿ ಕೊಂಡದ್ದಾದರೆ ಸಾಮಾನ್ಯವಾಗಿ ಒಂದೊಂದಕ್ಕೂ 25 ಸೆಂಟ್ ಠೇವಣಿ ಕೊಟ್ಟಿರುತ್ತೀರಿ, ಸೂಪರ್ ಮಾರ್ಕೆಟ್ಟಿನ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ, ಅದನ್ನು ಕೊಟ್ಟು ಸಾಮಾನನ್ನೋ ಹಣವನ್ನೋ ಪಡೆಯಬಹುದು.

ತೆರಿಗೆ ಮರುಪಾವತಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯುರೋಪಿನ ಒಕ್ಕೂಟದ ಹೊರಗೆ ವಾಸಿಸುವವರು ಅಲ್ಲಿ ಕೊಂಡ ವಸ್ತುಗಳನ್ನು ಬಳಸದೆ ಹೊರಗೆ ಒಯ್ದರೆ, ಮೌಲ್ಯವರ್ಧಿತ ತೆರಿಗೆಯ ಒಂದು ಭಾಗ ಮರಳಿ ಸಿಗುತ್ತದೆ. ಜರ್ಮನಿಯಲ್ಲಿ ಈ ತೆರಿಗೆ 19, ಇಟಲಿಯಲ್ಲಿ 22, ಆಸ್ಟ್ರಿಯಾದಲ್ಲಿ 20 ಪ್ರತಿಶತ. ಮರುಪಾವತಿ ಮಾಡಿಸಿಕೊಡುವ ಮಧ್ಯವರ್ತಿ ಸಂಸ್ಥೆ ತನ್ನ ಪಾಲು ಹಿಡಿದುಕೊಳ್ಳುವುದರಿಂದ ಪೂರ್ತಿ ಸಿಗುವುದಿಲ್ಲ. ಒಂದು ಅಂಗಡಿಯ ಖರೀದಿ ಜರ್ಮನಿಯಲ್ಲಿ 50 ಯುರೊ, ಇಟಲಿಯಲ್ಲಿ 70 ಯುರೊ, ಆಸ್ಟ್ರಿಯಾದಲ್ಲಿ 75 ಯುರೊ ದಾಟಿರಬೇಕು. ಪಾಸ್‌ಪೋರ್ಟ್ ತೋರಿಸಿ ಅಂಗಡಿಯಲ್ಲೇ ಅರ್ಜಿ ಪಡೆಯಬೇಕು. ಎಲ್ಲ ಅರ್ಜಿಗಳಿಗೂ ಸುಂಕದ ಮುದ್ರೆ ಬೀಳುವುದು ನೀವು ಒಕ್ಕೂಟವನ್ನು ಬಿಡುವ ಕೊನೆಯ ದೇಶದಲ್ಲಿ, ಅಂದರೆ ಈ ದಾರಿಯಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ. ವಸ್ತುಗಳು ದೊಡ್ಡ ಪೆಟ್ಟಿಗೆಯಲ್ಲಿದ್ದರೆ ಚೆಕ್-ಇನ್ ಕೌಂಟರಿನಲ್ಲಿ ಅದನ್ನು ಮೊದಲೇ ತಿಳಿಸಿ, ಪೆಟ್ಟಿಗೆಯನ್ನು ಸುಂಕದವರಿಗೆ ತೋರಿಸಿದ ಮೇಲೆಯೇ ಒಳಗೆ ಕಳುಹಿಸಬೇಕು. ಪೆಟ್ಟಿಗೆ ಹೋದ ಮೇಲೆ ಬರಿಯ ರಸೀದಿಗೆ ಮುದ್ರೆ ಬೀಳುವುದಿಲ್ಲ. ಸ್ವಿಟ್ಜರ್‌ಲೆಂಡ್ ಈ ಒಕ್ಕೂಟಕ್ಕೆ ಸೇರಿಲ್ಲ. ಅಲ್ಲಿ ಕನಿಷ್ಠ 300 ಫ್ರಾಂಕಿನ ಖರೀದಿಯಾಗಿರಬೇಕು, ಮುದ್ರೆಯನ್ನು ಬಾಸೆಲ್ ಗಡಿಯಲ್ಲೇ ಹಾಕಿಸಬೇಕು. ಕಾರಿನಲ್ಲಿ ಹೋಗುವವರನ್ನು ಈ ಮುದ್ರೆಗಾಗಿ ಗಡಿಯಲ್ಲಿ ಯಾರೂ ತಡೆಯುವುದಿಲ್ಲವಾದ್ದರಿಂದ, ನೀವಾಗಿ ನಿಲ್ಲಿಸಿ ಸುಂಕದ ಕಚೇರಿಗೆ ಹೋಗದಿದ್ದರೆ ಆ ಹಣ ಹೋದಂತೆಯೇ.

ಹಣದ ವಿಷಯದಲ್ಲಿ ನಾಣ್ಯಗಳನ್ನು ಮೊದಲು ಖರ್ಚು ಮಾಡಿ, ಬೆಂಗಳೂರಿನ ವಿನಿಮಯ ಕಚೇರಿಗಳು ನೋಟುಗಳನ್ನಷ್ಟೇ ಕೊಳ್ಳುತ್ತವೆ. ಉಳಿದ ನೋಟುಗಳನ್ನು 2000 ಅಮೆರಿಕನ್ ಡಾಲರ್ ಮೌಲ್ಯದವರೆಗೆ ಮುಂದಿನ ಪ್ರವಾಸಕ್ಕಾಗಿ ಇಟ್ಟುಕೊಳ್ಳಲು ರಿಸರ್ವ್ ಬ್ಯಾಂಕಿನ ನಿಯಮ ಅವಕಾಶ ಕೊಡುತ್ತದೆ. ಕಾರ್ಡ್ ಉಜ್ಜುವಾಗ ಯಂತ್ರ ‘ರೂಪಾಯಿಯೋ ಯುರೊವೋ’ ಎಂದು ಕೇಳಿದರೆ ಯಾವಾಗಲೂ ಯುರೊ ಎಂದೇ ಒತ್ತಿ. ರೂಪಾಯಿ ಆರಿಸಿದರೆ ಅವರು ಹಾಕುವ ವಿನಿಮಯ ದರ ದುಬಾರಿ.

ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಿಗುವ ಷೆಂಗೆನ್ ವೀಸಾದಲ್ಲಿ ಎಷ್ಟು ದಿನವೆಂದು ಬರೆದಿದೆಯೋ ಅದರಲ್ಲಿ ಒಳಬಂದ ದಿನವೂ ಹೊರಡುವ ದಿನವೂ ಸೇರಿಯೇ ಲೆಕ್ಕ. ವೀಸಾದ ಕೊನೆಯ ದಿನವೇ ವಿಮಾನವಿಟ್ಟುಕೊಂಡರೆ, ವಿಮಾನ ರದ್ದಾದಾಗ ಕಾನೂನಿನ ತೊಡಕು ಎದುರಾಗುತ್ತದೆ. ಒಂದೆರಡು ದಿನ ಕೈಯಲ್ಲಿಟ್ಟುಕೊಂಡೇ ಟಿಕೆಟ್ ಮಾಡಿಸಿ. ಪಾಸ್‌ಪೋರ್ಟಿಗೆ ಮುದ್ರೆ ಹಾಕುವ ಬದಲು ಪ್ರವೇಶ ಮತ್ತು ನಿರ್ಗಮನವನ್ನು ಕಂಪ್ಯೂಟರಿನಲ್ಲಿ ದಾಖಲಿಸುವ ಹೊಸ ವ್ಯವಸ್ಥೆ 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಆರಂಭವಾಗಿರುವುದರಿಂದ ಈ ದಿನಗಳ ಲೆಕ್ಕದಲ್ಲಿ ತಪ್ಪು ಮುಚ್ಚಿಹೋಗುವ ಮಾತೇ ಇಲ್ಲ.

ಯುರೋಪಿನಿಂದ ಬರುವ ಹಲವು ನೇರ ವಿಮಾನಗಳು ಬೆಂಗಳೂರು ತಲುಪುವುದು ನಡುರಾತ್ರಿಯ ಆಸುಪಾಸಿನಲ್ಲಿ. ಕೆಂಪೇಗೌಡ ವಿಮಾನ ನಿಲ್ದಾಣದ ಪಾರ್ಕಿಂಗ್‌ನಲ್ಲಿ ನಿಮ್ಮ ಕಾರು ಬಿಟ್ಟುಹೋಗಿ, ಅದನ್ನೇ ಓಡಿಸಿಕೊಂಡು ಮನೆಗೆ ಹೋಗುವ ಯೋಚನೆ ಬೇಡ. ಎರಡು ವಾರ ಬಲಬದಿಯಲ್ಲಿ ಓಡಿಸಿದ ಕೈ, ನಿದ್ದೆಗೆಟ್ಟ ಕಣ್ಣು, ಖಾಲಿಯಾದ ಬಳ್ಳಾರಿ ರಸ್ತೆ ಈ ಮೂರೂ ಸೇರುವುದು ಒಳ್ಳೆಯದಲ್ಲ. ಟ್ಯಾಕ್ಸಿಯಲ್ಲೋ ಬಿಎಂಟಿಸಿಯ ವಾಯುವಜ್ರ ಬಸ್ಸಿನಲ್ಲೋ ಮನೆ ಸೇರಿ, ಚೆನ್ನಾಗಿ ನಿದ್ದೆ ಮಾಡಿ ಎರಡು ದಿನ ಕಳೆದ ಮೇಲೆ ಸ್ಟೀರಿಂಗ್ ಮುಟ್ಟಿ.

ಮನೆಗೆ ಬಂದ ಮೇಲೂ ಲೆಕ್ಕ ಮುಗಿಯುವುದಿಲ್ಲ. ಕಾರಿನ ಬಾಡಿಗೆ ಕಚೇರಿಯವರು ಮುಂಗಡವಾಗಿ ತಡೆಹಿಡಿದ ಠೇವಣಿ ಕ್ರೆಡಿಟ್ ಕಾರ್ಡಿಗೆ ಮರಳಿದೆಯೇ ಎಂದು ನೋಡುತ್ತಿರಿ, ಆ ಕಾರ್ಡನ್ನು ಕೆಲವು ತಿಂಗಳು ಮುಚ್ಚಿಸಬೇಡಿ. ಇಟಲಿಯ ಹಳೆಯ ಊರುಗಳ ನಡುವೆ ಹೊರಗಿನ ವಾಹನಗಳಿಗೆ ಪ್ರವೇಶವಿಲ್ಲದ ವಲಯಗಳಿವೆ. ತಿಳಿಯದೆ ಒಳಹೊಕ್ಕಿದ್ದರೆ ಕ್ಯಾಮೆರಾ ಅದನ್ನು ಹಿಡಿದಿರುತ್ತದೆ. ಬಾಡಿಗೆ ಕಚೇರಿ ನಿಮ್ಮ ಹೆಸರನ್ನು ಅಲ್ಲಿನ ಪೊಲೀಸರಿಗೆ ತಿಳಿಸಿದ್ದಕ್ಕೆಂದು ಮೊದಲು ಒಂದು ಶುಲ್ಕ ಹಿಡಿಯುತ್ತದೆ. ಅದು ದಂಡವಲ್ಲ, ದಂಡದ ನೋಟಿಸು ಬೇರೆಯಾಗಿ ಬರುತ್ತದೆ, ಹೊರದೇಶದವರಿಗೆ ಅದನ್ನು ತಲುಪಿಸಲು ಇಟಲಿಯ ಕಾನೂನು 360 ದಿನಗಳ ಅವಧಿ ಕೊಟ್ಟಿದೆ. ನೋಟಿಸು ಕೈಸೇರಿದ ಐದು ದಿನಗಳೊಳಗೆ ಕಟ್ಟಿದರೆ ಸಾಮಾನ್ಯವಾಗಿ 30 ಪ್ರತಿಶತ ರಿಯಾಯಿತಿ ಇರುತ್ತದೆ. ಆದ್ದರಿಂದ ಬಾಡಿಗೆ ಒಪ್ಪಂದ, ಪೆಟ್ರೋಲ್ ರಸೀದಿ, ಟೋಲ್ ಚೀಟಿ, ಹೋಟೆಲ್ ಬಿಲ್ಲು ಎಲ್ಲವನ್ನೂ ಒಂದು ಫೈಲಿನಲ್ಲಿ ಹಾಕಿ ವರ್ಷ ತುಂಬುವವರೆಗೆ ಬೀರುವಿನಲ್ಲಿಡಿ. ನೋಟಿಸು ಬರುವುದು ಒಪ್ಪಂದಕ್ಕೆ ಸಹಿ ಮಾಡಿದವರ ಹೆಸರಿಗೆ, ಅಂದು ಕೊಟ್ಟ ವಿಳಾಸಕ್ಕೆ. ಅಷ್ಟರೊಳಗೆ ಬಾಡಿಗೆ ಮನೆ ಬದಲಾಯಿಸಿದರೆ ಹಳೆಯ ಮನೆಯ ಮಾಲೀಕರಿಗೂ ಆ ಬೀದಿಯ ಪೋಸ್ಟ್‌ಮ್ಯಾನ್‌ಗೂ ಹೊಸ ವಿಳಾಸ ಕೊಟ್ಟು ಬನ್ನಿ.